ನೀಲಗಂಗೆ ನಡುದೀಪ ಆರಿಸಿದ ಕಥೆ

ದೀಪದ ಕುಡಿ ನೆಟ್ಟಗಾಯಿತು, ಅಕ್ಷತೆ ಹಿಡಿದುಕೊಳ್ಳಿರಮ್ಮ. ಮೂಲೆಯಲ್ಲಿ ಪಿಸುಗುಡುವವರೇ, ನಿಮ್ಮನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಹೊಳೆದಂಡೆಯ ಪಟ್ಟಣವೊಂದರಲ್ಲಿ ಕರಿಬಸವನೆಂಬ ನೇಕಾರನೂ ಅವನ ಹೆಂಡತಿ ನೀಲಗಂಗೆಯೂ ಹನ್ನೆರಡು ವರ್ಷ ಒಂದೇ ಮಗ್ಗದಲ್ಲಿ ದುಡಿದು, ಹದಿಮೂರನೆಯ ವರ್ಷ ಒಬ್ಬರ ಮುಖ ಒಬ್ಬರಿಗಾಗದೆ ಬೇರೆ ಬೇರೆ ಮನೆ ಹಿಡಿದರು. ನಡುವೆ ಸಿಕ್ಕವಳು ಏಳು ವರ್ಷದ ಮಗಳು ಹೊನ್ನಿ. ಇಬ್ಬರಿಗೂ ಅವಳು ಬೇಕು.

ಆಗ ಊರ ಹಿರಿಯಳಾದ ತಾಯಮ್ಮಜ್ಜಿ ಅವರಿಗೆ ನಡುದೀಪದ ವ್ರತ ಹಿಡಿಸಿದಳು. ಅದರ ನೇಮವೇನೆಂದರೆ, ಅಜ್ಜಿ ನಡುವೆ ದೀಪ ಹಚ್ಚಿ, ವಾರಕ್ಕೊಬ್ಬರಂತೆ ಅವರವರ ಮನೆಯಲ್ಲೇ ಒಬ್ಬೊಬ್ಬರ ಮಾತನ್ನೂ ಬೇರೆಯಾಗಿ ಕೇಳಬೇಕು. ಆಡಿದವರು ಒಪ್ಪದ ಹೊರತು ಆ ಮಾತು ಇನ್ನೊಬ್ಬರ ಕಿವಿಗೆ ಬೀಳಬಾರದು. ಮೂರನೆಯ ವಾರ ಇಬ್ಬರೂ ಎದುರುಬದುರು ಕೂತು ಮಗಳ ವಿಚಾರ ತಾವೇ ತೀರ್ಮಾನಿಸಬೇಕು.

ಮೊದಲ ವಾರ ನೀಲಗಂಗೆ ಅತ್ತು, ಒಮ್ಮೆ ಸಿಟ್ಟಿನಲ್ಲಿ ಮಗಳಿಗೆ ಬಾಸುಂಡೆ ಬರುವಂತೆ ಹೊಡೆದದ್ದನ್ನು ಹೇಳಿಕೊಂಡಳು. ಹೇಳಿದ್ದೇ ತಡ, ಅನುಮಾನ ಹೊಕ್ಕಿತು. ಈ ಮುದುಕಿ ಅವನ ಕಡೆಯವಳಾದರೆ? ಎರಡನೆಯ ವಾರ ಗಂಡನ ಬೀದಿಯಲ್ಲಿ ಮರೆಗೆ ನಿಂತು ನೋಡುತ್ತಾಳೆ, ಕರಿಬಸವ ಹೊಸ್ತಿಲಲ್ಲಿ ಅಜ್ಜಿಯ ಕಾಲಿಗೆ ಬೀಳುತ್ತಿದ್ದಾನೆ! ನನ್ನ ಗುಟ್ಟು ಅವನಿಗೆ ಸಿಕ್ಕಿತು, ಇನ್ನು ಮಗಳು ಕೈತಪ್ಪಿದಳು ಎಂದು ಬಗೆದು, ಮೂರನೆಯ ವಾರ ಮಾತು ಶುರುವಾಗುವ ಮೊದಲೇ ದೀಪವನ್ನು ಉಫ್ ಎಂದು ಊದಿ ಎದ್ದು ಹೋದಳು. ಅಯ್ಯೋ, ಎಂಥ ಕೆಲಸ ಮಾಡಿಕೊಂಡಳು!

ವ್ಯಾಜ್ಯ ಅರಮನೆಯ ಚಾವಡಿಗೇರಿತು. ತೀರ್ಪಾಗುವವರೆಗೆ ಮಗು ಪರರ ಮನೆಯಲ್ಲಿರಲಿ ಎಂದು ಅಪ್ಪಣೆಯಾಗಿ ಎರಡು ವರ್ಷ ಕಳೆಯಿತು. ಒಂದು ಹಬ್ಬಕ್ಕೆ ಕಳಿಸಿಕೊಟ್ಟರೆ, ಹೊನ್ನಿ ತಾಯಿಯ ಹೊಸ್ತಿಲಾಚೆ ನಿಂತು, "ಒಳಗೆ ಬರಬಹುದಾ?" ಎಂದು ಕೇಳಿತು. ನೀಲಗಂಗೆ ಮಗಳನ್ನು ಕೈಹಿಡಿದು ಒಳಗೆ ಕರೆತಂದಳು.

ಹಬ್ಬ ಮುಗಿದದ್ದೇ ಅಜ್ಜಿಯ ಬಳಿಗೆ ಓಡಿದಳು. ಅಲ್ಲಿಯೂ ಅನುಮಾನ ಬಿಟ್ಟೀತೆ? "ಅಜ್ಜಿ, ಅವತ್ತು ಅವನು ನಿಮ್ಮ ಕಾಲಿಗೆ ಯಾಕೆ ಬಿದ್ದ?"

"ಅದು ದೀಪದ ಮುಂದಿನ ಮಾತು ಕಣೇ. ಹೇಳಲ್ಲ."

ಬೇಡಿದಳು, ಆಣೆಯಿಟ್ಟಳು, ಬೈದಳು. ಅಜ್ಜಿ ತುಟಿ ಬಿಚ್ಚಲಿಲ್ಲ. ಆಗ ಹೊಳೆಯಿತು ನೋಡಿ ಆ ಮಂಕುಬುದ್ಧಿಗೆ: ಇಷ್ಟು ಬೈಸಿಕೊಂಡರೂ ಅವನ ಗುಟ್ಟು ಬಿಡದವಳು ನನ್ನದನ್ನು ಬಿಟ್ಟಾಳೆಯೇ? ಚಾವಡಿಯಲ್ಲಿ ಕರಿಬಸವ ಒಮ್ಮೆಯೂ ಬಾಸುಂಡೆಯ ಮಾತೆತ್ತಿರಲಿಲ್ಲ.

ಮತ್ತೆ ದೀಪ ಹಚ್ಚಿದರು. ಬಾಸುಂಡೆಯ ಮಾತನ್ನು ಗಂಡನ ಎದುರು ಅವಳೇ ಆಡಿದಳು. ಅವನೂ, ಅಂದು ಅಜ್ಜಿಯ ಕಾಲಿಗೆ ಬಿದ್ದು ಒಪ್ಪಿಕೊಂಡಿದ್ದ ತನ್ನ ತಪ್ಪನ್ನು ಹೇಳಿಕೊಂಡು ಅತ್ತ. ಕೂಡಿ ಬಾಳಿದರೇ ಎಂದರೆ, ಇಲ್ಲಮ್ಮ, ಬೇರೆಯೇ ಉಳಿದರು. ಮಗಳು ಮಾತ್ರ ಹದಿನೈದು ದಿನ ಇಲ್ಲಿ, ಹದಿನೈದು ದಿನ ಅಲ್ಲಿ ಎಂದು ಇಬ್ಬರೂ ಒಪ್ಪಿ, ಚಾವಡಿಗೂ ಹಾಗೆಯೇ ತಿಳಿಸಿದರು. ಮುಂದಿನ ಹಬ್ಬಕ್ಕೆ ಹೊನ್ನಿ ಕೆಸರುಗಾಲಲ್ಲೇ ಓಡಿಬಂದು ನೆಟ್ಟಗೆ ಅಡುಗೆಮನೆಗೆ ನುಗ್ಗಿತು. ನೀಲಗಂಗೆ ಆ ಹೆಜ್ಜೆಗಳನ್ನು ಸಂಜೆಯವರೆಗೂ ಒರೆಸಲಿಲ್ಲ.

ಈ ಕಥೆ ಓದಿದವರ, ಕೇಳಿದವರ, ನಂಬದೆ ಕೇಳಿದವರ ಮಕ್ಕಳು ಕೂಡ ಅಪ್ಪನ ಮನೆಗಾಗಲಿ ಅಮ್ಮನ ಮನೆಗಾಗಲಿ ಅಪ್ಪಣೆ ಕೇಳದೆ ಒಳಗೆ ಬರಲಿ. ಅಕ್ಷತೆ ಹಾಕಿರಮ್ಮ.