ಹಳೆಯ ಜೀಪಿನ ಹೊಸ ಬಲ

“ಗುರುಗಳೇ, ಮತ್ಸರವನ್ನು ಬಿಡಬೇಕು ಎನ್ನುತ್ತೀರಿ. ಅದರಿಂದ ಒಳ್ಳೆಯದೇ ಆಗುತ್ತಿದ್ದರೂ ಬಿಡಬೇಕೇ?”

ಪಾಠ ಮುಗಿದು ಉಳಿದವರು ಎದ್ದು ಹೋದ ಮೇಲೆ ಮರುಳಸಿದ್ಧ ಹೀಗೆ ಕೇಳಿದ. ಗುರುಗಳು ಅವನ ಮುಖ ನೋಡಿದರು.

“ಏನು ಒಳ್ಳೆಯದಾಯಿತು?”

“ನೀಲಕಂಠ ಮಠಕ್ಕೆ ಬರುವವರೆಗೆ ನಾನು ಮೈಗಳ್ಳನಾಗಿದ್ದೆ. ಅವನು ಬಂದ. ಒಮ್ಮೆ ಕೇಳಿದ್ದನ್ನು ತಪ್ಪಿಲ್ಲದೆ ಒಪ್ಪಿಸಿದ. ನೀವು ಮೆಚ್ಚಿ ತಲೆದೂಗಿದಿರಿ. ಅಂದಿನಿಂದ ನನ್ನ ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗಿದೆ. ಆ ಕೆಂಡವೇ ನನ್ನನ್ನು ಕೋಳಿ ಕೂಗುವ ಮೊದಲು ಎಬ್ಬಿಸುತ್ತದೆ. ಹಿಂದೆಂದೂ ಕಲಿಯದಷ್ಟನ್ನು ಈ ಮಳೆಗಾಲದಲ್ಲಿ ಕಲಿತೆ. ಇಂಥ ಬಲವನ್ನು ಏಕೆ ಬಿಡಬೇಕು?”

ಗುರುಗಳು ಕತೆ ಹೇಳತೊಡಗಿದರು.

ಒಬ್ಬ ಜೀಪಿನವನಿದ್ದ. ಹೆಸರು ಹಾಲಪ್ಪ. ಬೆಟ್ಟದ ಮೇಲೆ ಅವನ ಊರು. ಬೆಟ್ಟದ ಬುಡದಲ್ಲಿ ಬಸ್ಸು ನಿಲ್ಲುವ ಜಾಗ. ನಡುವೆ ಇದ್ದದ್ದು ಕಡಿದಾದ ಮಣ್ಣಿನ ದಾರಿ. ನಾಲ್ಕು ಚಕ್ರಕ್ಕೂ ಇಂಜಿನ್ನಿನ ಎಳೆತ ಸಿಗುವ ಗಾಡಿಯ ಹೊರತು ಬೇರೆ ಯಾವುದೂ ಅದನ್ನು ಹತ್ತುತ್ತಿರಲಿಲ್ಲ. ಅಂಥ ಗಾಡಿ ಇದ್ದದ್ದು ಹಾಲಪ್ಪನೊಬ್ಬನಲ್ಲಿ.

ಜೀಪು ಹಳೆಯದು. ಕೊನೆಯ ಏರಿನ ಕೆಳಗೆ ನಿಂತು ದಣಿವಾರಿಸಿಕೊಳ್ಳದೆ ಅದು ಮುಂದೆ ಹೋಗುತ್ತಿರಲಿಲ್ಲ. ಹಾಲಪ್ಪ ಬಾನೆಟ್ ಎತ್ತಿ ಇಂಜಿನ್ ತಣಿಯಲು ಬಿಡುತ್ತಿದ್ದ. ಜನ ಇಳಿದು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಆಮೇಲೆ ಅವನು ಚಕ್ರ ಜಾರದಂತೆ, ದಾರಿಯ ಮಣ್ಣು ಕಿತ್ತು ಬರದಂತೆ ಮೆಲ್ಲನೆ ಹತ್ತಿಸುತ್ತಿದ್ದ. ಬಸುರಿಯರೂ ಹಣ್ಣುಹಣ್ಣು ಮುದುಕರೂ ಆ ಗಾಡಿಯಲ್ಲಿ ಹೆದರಿಕೆಯಿಲ್ಲದೆ ಕೂರುತ್ತಿದ್ದರು. ಹಾಲಪ್ಪ ನೆಮ್ಮದಿಯಾಗಿದ್ದ.

ಅದೇ ಊರಿನಲ್ಲಿ ಚಿದಾನಂದ ಎಂಬ ಯುವಕನಿದ್ದ. ಅವನಿಗೆ ಗಾಡಿ ಓಡಿಸಲು ಕಲಿಸಿದವನು ಹಾಲಪ್ಪನೇ. ಚಿದಾನಂದ ಒಂದು ಹೊಸ ಗಾಡಿ ತಂದ. ತಂದವನು ನೇರ ಹಾಲಪ್ಪನ ಮನೆಯ ಮುಂದೆ ನಿಲ್ಲಿಸಿದ.

“ಅಣ್ಣಾ, ಮೊದಲ ಕಾಯಿ ನೀನೇ ಒಡೆಯಬೇಕು.”

ಹಾಲಪ್ಪ ಕಾಯಿ ಒಡೆದ. ನಕ್ಕ ಕೂಡ. ನಗು ಗಂಟಲಿನಿಂದ ಕೆಳಗೆ ಇಳಿಯಲಿಲ್ಲ.

ಹೊಸ ಗಾಡಿ ಎಲ್ಲಿಯೂ ನಿಲ್ಲದೆ ಬೆಟ್ಟ ಹತ್ತಿತು. ಹಾಲಪ್ಪ ಬಾನೆಟ್ ಎತ್ತಿ ನಿಂತಿರುವಾಗ ಅದು ಪಕ್ಕದಲ್ಲೇ ಹಾದು ಹೋಗುತ್ತಿತ್ತು. ಚಿದಾನಂದ ವೇಗ ತಗ್ಗಿಸಿ, “ನೀರು ಬೇಕಾ ಅಣ್ಣಾ?” ಎಂದು ಕೇಳುತ್ತಿದ್ದ. ಆ ಮಾತು ಹಾಲಪ್ಪನ ಕಿವಿಗೆ ಗೇಲಿಯಂತೆ ಕೇಳುತ್ತಿತ್ತು. ನೆಮ್ಮದಿಯಿಂದ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಜನ ಈಗ, “ಇನ್ನೂ ಎಷ್ಟು ಹೊತ್ತು ಹಾಲಪ್ಪ?” ಎನ್ನತೊಡಗಿದರು. ಮೊದಲಿನಿಂದಲೂ ಅವನ ಪಕ್ಕದ ಸೀಟಿನಲ್ಲೇ ಕೂತು ಬರುತ್ತಿದ್ದ ಅಜ್ಜಿಯೊಬ್ಬಳು ಒಂದು ದಿನ ಅವನ ಜೀಪನ್ನು ದಾಟಿ ಹೋಗಿ ಆ ಗಾಡಿ ಹತ್ತಿದಳು. ಅಂದು ಅವನಿಗೆ ಊಟ ಸೇರಲಿಲ್ಲ.

ಚಿದಾನಂದನನ್ನು ಯಾರಾದರೂ ಹೊಗಳಿದರೆ ಹಾಲಪ್ಪ ಎದ್ದು ಹೋಗುತ್ತಿದ್ದ. ಚಿದಾನಂದನ ಗಾಡಿ ಪಂಕ್ಚರ್ ಆದ ದಿನ ಎರಡು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದ.

ಹೆಂಡತಿ ಇದನ್ನು ಗಮನಿಸಿದಳು. “ನಮ್ಮ ಜೀಪೂ ಬೆಟ್ಟ ಹತ್ತುತ್ತದಲ್ಲ, ನಮಗೇನು ಕಡಿಮೆಯಾಗಿದೆ?” ಎಂದಳು.

“ಅವನದು ನಿಲ್ಲದೆ ಹತ್ತುತ್ತದೆ,” ಎಂದ ಹಾಲಪ್ಪ.

ಅವನು ಪೇಟೆಗೆ ಹೋಗಿ ಒಂದು ಗ್ಯಾರೇಜಿನಲ್ಲಿ ಜೀಪು ನಿಲ್ಲಿಸಿದ. ಹಳೆಯ ಇಂಜಿನ್ನಿಗೆ ಹೊಸ ಬಲ ಬರಲು ಏನು ಮಾಡಬೇಕೆಂದು ಕೇಳಿದ. ಮೇಸ್ತ್ರಿ ಸೂಪರ್‌ಚಾರ್ಜರ್ ಎಂಬ ಯಂತ್ರವನ್ನು ತೋರಿಸಿದ.

“ಇಂಜಿನ್ ತಾನಾಗಿ ಎಳೆದುಕೊಂಡಷ್ಟೇ ಗಾಳಿ ಈಗ ಅದಕ್ಕೆ ಸಿಗುತ್ತಿದೆ. ಇದು ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ಗಾಳಿ ಹೆಚ್ಚಿದರೆ ಪೆಟ್ರೋಲ್ ಹೆಚ್ಚು ಉರಿಯುತ್ತದೆ, ಬಲವೂ ಹೆಚ್ಚುತ್ತದೆ. ರೇಡಿಯೇಟರ್, ಕ್ಲಚ್ ಎರಡನ್ನೂ ಬದಲಿಸಿ ಕೊಡುತ್ತೇನೆ. ಆದರೆ ಆಕ್ಸಿಲರೇಟರನ್ನು ಹದವಾಗಿ ತುಳಿಯಬೇಕು.”

ಹಾಲಪ್ಪನಿಗೆ ಬಲ ಎಂಬ ಮಾತೊಂದೇ ಕೇಳಿಸಿತು.

ಯಂತ್ರ ಕೂತಿತು. ಮೇಸ್ತ್ರಿ ಕೆಲಸ ಬಲ್ಲವನು. ಜೀಪು ಸಿಳ್ಳೆ ಹಾಕುತ್ತ ಒಂದೇ ಉಸಿರಿಗೆ ಬೆಟ್ಟ ಹತ್ತಿತು. ಬಿಸಿಯೂ ಆಗಲಿಲ್ಲ. ಊರು ಬೆರಗಾಯಿತು. ಎಲ್ಲರಿಗಿಂತ ಮೊದಲು ಓಡಿ ಬಂದವನು ಚಿದಾನಂದ. ಬಾನೆಟ್ಟಿನ ಮೇಲೆ ಕೈಯಿಟ್ಟು, “ಅಣ್ಣಾ, ಮುದಿ ಹುಲಿ ಮತ್ತೆ ಎದ್ದು ನಿಂತಿತಲ್ಲ!” ಎಂದು ಕುಣಿದ.

ಅವನ ಮುಖ ಬಾಡಲಿಲ್ಲ. ಹಾಲಪ್ಪ ನೋಡಬೇಕೆಂದಿದ್ದದ್ದು ಅದು ಬಾಡುವುದೊಂದನ್ನೇ.

ಅಂದಿನಿಂದ ಹಾಲಪ್ಪ ತನ್ನ ಗಾಡಿ ತುಂಬಿದರೂ ಹೊರಡುತ್ತಿರಲಿಲ್ಲ. ಚಿದಾನಂದ ಹೊರಡುವುದನ್ನೇ ಕಾಯುತ್ತಿದ್ದ. ಅರ್ಧ ಬೆಟ್ಟದವರೆಗೆ ಅವನನ್ನು ಮುಂದೆ ಬಿಟ್ಟು, ಕೊನೆಯ ಏರಿನ ತಿರುವಿನಲ್ಲಿ ಎಲ್ಲರೂ ನೋಡುವಂತೆ ಹಿಂದೆ ಹಾಕುತ್ತಿದ್ದ. ಚಿದಾನಂದ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದ. ದಾರಿ ಬಿಟ್ಟುಕೊಟ್ಟವನನ್ನು ಗೆದ್ದಂತಾಗುವುದಿಲ್ಲ. ಹಾಲಪ್ಪನ ಉರಿ ಆರಲಿಲ್ಲ.

ಒಂದು ಮಧ್ಯಾಹ್ನ ಮಳೆ ಹಿಡಿಯಿತು. ಎರಡೂ ಗಾಡಿಗಳಲ್ಲಿ ಜನರಿದ್ದರು. ತಿರುವು ಬಂದಿತು. “ಇವತ್ತು ಬೇಡ ಹಾಲಪ್ಪ, ನೆಲ ಒದ್ದೆಯಾಗಿದೆ,” ಎಂದರು ಹಿಂದೆ ಕೂತವರು. ಹಾಲಪ್ಪ ದಾರಿ ಬಿಟ್ಟುಕೊಟ್ಟ ಚಿದಾನಂದನ ಮುಂದಕ್ಕೆ ಬಂದು ಕಾಲು ಒತ್ತಿದ. ನಾಲ್ಕು ಚಕ್ರಗಳೂ ನಿಂತಲ್ಲೇ ಗರಗರ ತಿರುಗಿದವು. ಕೆಸರು ಆಳೆತ್ತರ ಹಾರಿತು. ಆಮೇಲೆ ಚಕ್ರ ನೆಲ ಕಚ್ಚಿ ಜೀಪು ಮುಂದೆ ನುಗ್ಗಿತು.

ಹಾಲಪ್ಪ ಕನ್ನಡಿ ನೋಡಿದ. ಹಿಂದಿನ ಗಾಡಿ ಒಮ್ಮೆ ಅಡ್ಡಡ್ಡವಾಗಿ ಕಂಡಿತು. ಆಮೇಲೆ ಕನ್ನಡಿಯಲ್ಲಿ ಬರೀ ಮಳೆ. ಚಿದಾನಂದ ಹತ್ತಲಾಗದೆ ಉಳಿದ ಎಂದುಕೊಂಡ. ಎಷ್ಟೋ ಕಾಲದ ಮೇಲೆ ಅವನ ಎದೆ ಹಗುರಾಯಿತು.

ಮೇಲೆ ತಲುಪಿ ಜನರನ್ನು ಇಳಿಸಿ ಚಹಾದ ಅಂಗಡಿಯಲ್ಲಿ ಕೂತ. ದಾರಿಯತ್ತ ಮುಖ ಮಾಡಿಯೇ ಕೂತ.

“ಚಿದಾನಂದ ಎಲ್ಲಿ?” ಎಂದು ಅಂಗಡಿಯವನು ಕೇಳಿದ.

“ಹೊಸ ಗಾಡಿಯಲ್ಲವೇ, ಮೈ ಕೊಳೆಯಾದೀತೆಂದು ನಿಂತಿರಬೇಕು,” ಎಂದ ಹಾಲಪ್ಪ. ಅಲ್ಲಿದ್ದವರು ನಕ್ಕರು. ಚಿದಾನಂದ ಬರಲಿಲ್ಲ. ಹಾಲಪ್ಪ ಇನ್ನೊಂದು ಚಹಾ ಹೇಳಿದ. ಅಷ್ಟು ರುಚಿಯಾದ ಚಹಾವನ್ನು ಅವನು ಯಾವತ್ತೂ ಕುಡಿದಿರಲಿಲ್ಲ.

ಆಗ ಹೆಂಗಸೊಬ್ಬಳು ಮೈಯೆಲ್ಲ ಕೆಸರಾಗಿ ಏದುಸಿರು ಬಿಡುತ್ತ ನಡೆದು ಬಂದಳು.

“ಚಿದಾನಂದನ ಗಾಡಿ ತಿರುವಿನಿಂದ ಹಳ್ಳಕ್ಕೆ ಉರುಳಿದೆ. ನಾವೆಲ್ಲ ಹೇಗೋ ಹೊರಗೆ ಬಂದೆವು. ಅವನ ಕಾಲು ಗಾಡಿಯ ಅಡಿಗೆ ಸಿಕ್ಕಿಬಿಟ್ಟಿದೆ. ಎತ್ತಲು ಆಗುತ್ತಿಲ್ಲ.”

ಹಾಲಪ್ಪ ಲೋಟ ಬಿಟ್ಟು ಎದ್ದು ಓಡಿದ. ಜೀಪು ತಿರುಗಿಸಿ, ಅಲ್ಲಿದ್ದವರನ್ನು ಹತ್ತಿಸಿಕೊಂಡು ತಿರುವಿನವರೆಗೆ ಇಳಿದ. ಜನ ಎರಡೂ ಗಾಡಿಗಳಿಗೆ ಸರಪಳಿ ಕಟ್ಟಿದರು. ಜೀಪು ಬೊಬ್ಬಿರಿಯುತ್ತ ಎಳೆಯಿತು. ಮಗುಚಿದ ಗಾಡಿ ಒಂದಿಷ್ಟು ಮೇಲೆದ್ದಿತು. ಆ ಸಂದಿನಲ್ಲಿ ಚಿದಾನಂದನನ್ನು ಈಚೆಗೆ ಎಳೆದುಕೊಂಡರು. ಅವನ ತುಟಿ ಬಿಳಿಚಿತ್ತು. ಅವನು ಹಾಲಪ್ಪನ ಕೈ ಹಿಡಿದುಕೊಂಡ.

“ನೀನು ಬರುತ್ತೀಯ ಅಂತ ಗೊತ್ತಿತ್ತು ಅಣ್ಣಾ. ಕನ್ನಡಿಯಲ್ಲಿ ನೋಡಿರುತ್ತೀಯ, ಈಗ ಬರುತ್ತೀಯ, ಈಗ ಬರುತ್ತೀಯ ಅಂತ ಕಾಯುತ್ತಿದ್ದೆ.”

ಹಾಲಪ್ಪ ಅವನನ್ನು ಎತ್ತಿಕೊಂಡ. ಮಡಿಲಲ್ಲಿ ಮಗು ಮಲಗಿಸಿದಂತೆ ಸೀಟಿನ ಮೇಲೆ ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ದ. ಜೀವ ಉಳಿಯಿತು. ಸಿಕ್ಕಿಕೊಂಡಿದ್ದ ಕಾಲು ಮೊಣಕಾಲಿನ ಕೆಳಗೆ ಉಳಿಯಲಿಲ್ಲ. “ಕಾಲು ಬಹಳ ಹೊತ್ತು ಒತ್ತಿಹೋಗಿತ್ತು. ಇನ್ನಷ್ಟು ಬೇಗ ಬಿಡಿಸಿದ್ದರೆ ನೋಡಬಹುದಿತ್ತು,” ಎಂದರು ವೈದ್ಯರು. ಅವರು ಯಾರನ್ನೂ ದೂರಿ ಹೇಳಿದ್ದಲ್ಲ.

ಮರುದಿನ ಹಾಲಪ್ಪ ಒಬ್ಬನೇ ನಡೆದುಕೊಂಡು ಆ ತಿರುವಿಗೆ ಹೋದ. ದಾರಿಯಲ್ಲಿ ಆಳದ ಹೊಂಡಗಳಿದ್ದವು. ತನ್ನ ಚಕ್ರಗಳು ತಿರುಗಿ ತಿರುಗಿ ಅಗೆದ ಹೊಂಡಗಳು. ಅಂಚಿನ ಮಣ್ಣು ಅಲ್ಲಿಂದಲೇ ಕುಸಿದು ಹಳ್ಳಕ್ಕೆ ಜಾರಿತ್ತು. ಚಿದಾನಂದನ ಚಕ್ರದ ಗುರುತು ಆ ಹೊಂಡದವರೆಗೆ ನೆಟ್ಟಗೆ ಬಂದು, ಅಲ್ಲಿಂದ ಅಡ್ಡಕ್ಕೆ ಹೋಗಿತ್ತು. ಹಾಲಪ್ಪ ಕಲ್ಲು ಹೊತ್ತು ತಂದು ಹೊಂಡ ಮುಚ್ಚಿದ. ಸಂಜೆಯವರೆಗೂ ಹೊತ್ತ.

ಊರವರು ಅವನಿಗೆ ಹಾರ ಹಾಕಿದರು. “ಆ ಯಂತ್ರ ಕೂರಿಸದಿದ್ದರೆ ಗಾಡಿ ಏಳುತ್ತಿತ್ತೇ? ದೇವರೇ ಬುದ್ಧಿ ಕೊಟ್ಟ,” ಎಂದರು. ಚಿದಾನಂದನ ತಾಯಿ ಬಂದು ಕೈಮುಗಿದಳು. ಹಾಲಪ್ಪ ಹಾರ ಹಾಕಿಕೊಂಡೇ ಕೂತಿದ್ದ. ಅದನ್ನು ತೆಗೆಯುವ ಧೈರ್ಯವೂ ಅವನಿಗಿರಲಿಲ್ಲ.

ಮತ್ತೆ ಪೇಟೆಗೆ ಹೋಗಿ ಆ ಯಂತ್ರ ಬಿಚ್ಚು ಎಂದ.

“ಚೆನ್ನಾಗಿಯೇ ಓಡುತ್ತಿದೆಯಲ್ಲ, ಏನು ತೊಂದರೆ?” ಎಂದ ಮೇಸ್ತ್ರಿ.

“ಬಿಚ್ಚು,” ಎಂದ ಹಾಲಪ್ಪ ಮತ್ತೆ. ಬಿಚ್ಚಿಸಿಕೊಂಡು ಬಂದ. ಆಮೇಲೆ ಚಿದಾನಂದನನ್ನು ಆಸ್ಪತ್ರೆಗೆ ಕರೆದೊಯ್ಯುವಾಗಲೆಲ್ಲ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡ. ಚಿದಾನಂದ ಹರಟುತ್ತಿದ್ದ, ಅಣ್ಣಾ ಅಣ್ಣಾ ಎನ್ನುತ್ತಿದ್ದ. ‘ನಾನು ಕನ್ನಡಿಯಲ್ಲಿ ನೋಡಿದ್ದೆ’ ಎಂಬ ಮಾತು ಪ್ರತಿ ಸಲವೂ ಹಾಲಪ್ಪನ ನಾಲಗೆಯ ತುದಿಗೆ ಬರುತ್ತಿತ್ತು. ಒಂದು ಸಲವೂ ತುಟಿ ದಾಟಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧ ಯೋಚಿಸಿ ಹೇಳಿದ:

“ಆದರೂ ಗುರುಗಳೇ, ಊರವರು ಹೇಳಿದ್ದರಲ್ಲಿ ಸುಳ್ಳೇನಿದೆ? ಆ ಬಲ ಇಲ್ಲದಿದ್ದರೆ ಚಿದಾನಂದ ಬದುಕುತ್ತಿರಲಿಲ್ಲ.”

“ಸುಳ್ಳಲ್ಲ. ಬಲದಲ್ಲಿ ದೋಷವಿರಲಿಲ್ಲ,” ಎಂದು ಗುರುಗಳು ಎದ್ದು ಹೊದ್ದ ಶಾಲನ್ನು ಸರಿಮಾಡಿಕೊಂಡರು. ಬಾಗಿಲವರೆಗೆ ಹೋಗಿ ತಿರುಗಿದರು.

“ನೀಲಕಂಠ ನಿನ್ನೆಯಿಂದ ಜ್ವರದಲ್ಲಿ ಮಲಗಿದ್ದಾನೆ, ಇಂದು ಪಾಠದಲ್ಲಿ ಅವನ ಜಾಗ ಖಾಲಿ ಇದ್ದುದನ್ನು ಕಂಡಾಗ ನಿನಗೆ ಏನನ್ನಿಸಿತು?”

ಆ ಖಾಲಿ ಜಾಗ ಕಂಡು ತನ್ನ ಎದೆ ಹಗುರಾದದ್ದು ಮರುಳಸಿದ್ಧನಿಗೆ ನೆನಪಾಯಿತು.