ಗಟ್ಟಿಮೇಳಕ್ಕೆ ಬೆಚ್ಚಿದ ರಾಮಾಂಜಿ

ಮುಳಬಾಗಿಲಿನ ಕಡೆ ರಾಮಾಂಜಿ ಎಂಬ ನಾಗಸ್ವರ ವಾದಕನಿದ್ದನು. ಮದುವೆಗಳಲ್ಲಿ ವಾಲಗ ಊದುವುದೇ ಅವನ ಕಸುಬು. ಅವನ ಪಕ್ಕದಲ್ಲಿ ಕೂತು ಡೋಲು ಬಾರಿಸುತ್ತಿದ್ದವನು ಪಿಳ್ಳಪ್ಪ. ಹಿರಿಯನಾದ್ದರಿಂದ ರಾಮಾಂಜಿ ಅವನನ್ನು ಪಿಳ್ಳಣ್ಣ ಎಂದು ಕರೆಯುತ್ತಿದ್ದನು.

ಗಟ್ಟಿಮೇಳ ಎಂದರೇನೆಂದು ಬಹಳ ಜನಕ್ಕೆ ಗೊತ್ತು. ಆದರೂ ಹೇಳಿಬಿಡುತ್ತೇನೆ, ಏಕೆಂದರೆ ಕಥೆ ನಿಂತಿರುವುದೇ ಅದರ ಮೇಲೆ. ಗಂಡು ತಾಳಿ ಕಟ್ಟುವ ಹೊತ್ತಿಗೆ ಪುರೋಹಿತರು ಕೈಯೆತ್ತಿ "ಗಟ್ಟಿಮೇಳ! ಗಟ್ಟಿಮೇಳ!" ಎಂದು ಕೂಗುತ್ತಾರೆ. ಆಗ ಡೋಲು, ನಾಗಸ್ವರ ಎರಡೂ ಒಮ್ಮೆಗೇ ಜೋರಾಗಿ ಮೊಳಗಬೇಕು. ಆ ಗಳಿಗೆಯಲ್ಲಿ ಯಾರಾದರೂ ಸೀನಿದರೂ, ಕೆಟ್ಟ ಮಾತಾಡಿದರೂ ಕೇಳಿಸಬಾರದು, ಅದಕ್ಕೆ. ಗಟ್ಟಿಮೇಳ ತಪ್ಪಿಸಿದ ವಾಲಗದವನನ್ನು ಜನ ಮತ್ತೆ ಕರೆಯುವುದಿಲ್ಲ.

ಒಂದು ದಿನ ರಾಮಾಂಜಿ ಮದುವೆ ಮುಗಿಸಿ ಬಾಡಿಗೆ ಕಾರಿನ ಮುಂದಿನ ಸೀಟಿನಲ್ಲಿ ಕೂತು ಬರುತ್ತಿದ್ದನು. ಡೋಲಿಗೆ ಜಾಗ ಸಾಲದೆ ಪಿಳ್ಳಪ್ಪ ಬಸ್ಸಿಗೆ ಹೋಗಿದ್ದನು. ಎದುರಿನಿಂದ ರಸ್ತೆಯ ತಪ್ಪು ಬದಿಯಲ್ಲಿ ಬಂದ ಲಾರಿ ಢಮ್ಮೆಂದು ಗುದ್ದಿತು. ಯಾರ ಜೀವವೂ ಹೋಗಲಿಲ್ಲ. ರಾಮಾಂಜಿಯ ಬಲ ಮೊಣಕೈ ಮುರಿಯಿತು. ಪಟ್ಟಿ ಹಾಕಿದರು, ಮೂಳೆ ಕೂಡಿತು. ತಪ್ಪು ಲಾರಿಯದಾದ್ದರಿಂದ ಅದರ ವಿಮಾ ಕಂಪನಿ ಪರಿಹಾರ ಕೊಡಬೇಕೆಂದು ಕೋರ್ಟಿನಲ್ಲಿ ಅರ್ಜಿಯನ್ನೂ ಹಾಕಿದ್ದಾಯಿತು.

ಕೈ ಸರಿಹೋದ ಮೇಲೆ ಮೊದಲ ಮದುವೆ. ಪುರೋಹಿತರು ಕೂಗಿದರು. ಡೋಲು ಸಿಡಿಯಿತು. ರಾಮಾಂಜಿಯ ಕಣ್ಣ ಮುಂದಿನಿಂದ ಮಂಟಪವೇ ಮಾಯವಾಯಿತು. ಅಲ್ಲಿ ಲಾರಿ ಇತ್ತು. ಮೂಗಿಗೆ ಡೀಸೆಲ್ ವಾಸನೆ ಬಡಿಯಿತು. ಇದನ್ನು ಬರೀ ನೆನಪು ಎನ್ನಲಾಗದು. ನೆನಪಾದರೆ ಹಿಂದೆಂದೋ ನಡೆದದ್ದೆಂದು ಗೊತ್ತಿರುತ್ತದೆ. ಅವನಿಗೆ ಅದು ಈಗಲೇ ನಡೆಯುತ್ತಿತ್ತು. ನಾಗಸ್ವರ ಬಾಯಿಂದ ಜಾರಿ ತೊಡೆಯ ಮೇಲೆ ಬಿತ್ತು.

"ಯಾಕೋ, ಏನಾಯ್ತೋ?" ಎಂದು ಪಿಳ್ಳಪ್ಪ ಕೇಳಿದನು.

"ಮೊಣಕೈ ಹಿಡ್ಕೊಂತು ಪಿಳ್ಳಣ್ಣ."

ಎಲ್ಲರೂ ನಂಬಿದರು. ಮುಂದಿನ ಮದುವೆಯಲ್ಲೂ ಹಾಗೇ ಆಯಿತು. ಆಮೇಲೆ ರಾಮಾಂಜಿ ಹೋಗುವುದನ್ನೇ ಬಿಟ್ಟನು. ಸುಳ್ಳು ಏಕೆ ಹೇಳಿದ ಎಂದು ನೀವು ಕೇಳಬಹುದು. ಕೈ ನೋವೆಂದರೆ ಜನ ಅಯ್ಯೋ ಎನ್ನುತ್ತಾರೆ. ಡೋಲಿನ ಸದ್ದಿಗೆ ಹೆದರಿದೆ ಎಂದರೆ ನಗುತ್ತಾರೆ. ಅದೂ ವಾಲಗದವನು ಹೇಳಿದರೆ!

ಸಾಕ್ಷಿ ಹೇಳುವ ದಿನ ಹತ್ತಿರ ಬಂತು. ಕೋರ್ಟಿನ ಸುತ್ತ ಓಡಾಡಿಕೊಂಡಿದ್ದ ದಲ್ಲಾಳಿಯೊಬ್ಬ ಮನೆಗೆ ಬಂದು ಉಪಾಯ ಹೇಳಿಕೊಟ್ಟನು: "ಕೈ ಮಡಚೋಕೇ ಆಗಲ್ಲ ಅಂತ ಗಟ್ಟಿಯಾಗಿ ಹೇಳಿ. ನೆಟ್ಟಗೆ ಕೋಲಿನ ಥರ ಇಟ್ಕೊಂಡು ನಿಂತ್ಕೊಳ್ಳಿ. ಕೈ ತುಂಬ ದುಡ್ಡು ಬರುತ್ತೆ."

ಅವನು ಹೋದ ಮೇಲೆ ರಾಮಾಂಜಿಯ ಹೆಂಡತಿ ಮಂಗಮ್ಮ ಅಂದಳು: "ಹಾಗೆ ಹೇಳಿದ್ರೆ ಇನ್ನು ಮೇಲೆ ಕೈ ನೆಟ್ಟಗಿಟ್ಕೊಂಡೇ ಮುದ್ದೆ ನುಂಗಬೇಕಾಗುತ್ತೆ, ನೋಡ್ಕೊಳ್ಳಿ. ನಿದ್ದೇಲಿ ಲಾರಿ ಲಾರಿ ಅಂತ ಕಿರುಚ್ತೀರಲ್ಲ, ಅದನ್ನ ಹೇಳಿ."

"ಹೆದರಿಕೆಗೆ ಯಾರೇ ಪರಿಹಾರ ಕೊಡ್ತಾರೆ?"

"ಕೊಡದೇ ಇದ್ರೆ ಹೋಗ್ಲಿ. ವಾಸಿ ಮಾಡೋರಾದ್ರೂ ಸಿಗ್ತಾರೇನೋ."

ಕೋರ್ಟಿಗೆ ಪಿಳ್ಳಪ್ಪನೂ ಬಂದಿದ್ದನು, ರಾಮಾಂಜಿಯ ಕಸುಬಿನ ಬಗ್ಗೆ ಸಾಕ್ಷಿ ಹೇಳಲು. ವಿಮಾ ಕಂಪನಿಯ ವಕೀಲರು ಕೇಳಿದರು: "ಮೂಳೆ ಕೂಡಿದೆ ಅಂತ ಡಾಕ್ಟರೇ ಬರೆದಿದ್ದಾರೆ. ಮತ್ತೆ ಯಾಕಪ್ಪ ನುಡಿಸ್ತಿಲ್ಲ?"

ರಾಮಾಂಜಿ ಕಟಕಟೆಯಲ್ಲಿ ನಿಂತಿದ್ದನು. ಬಲಗೈ ನೆಟ್ಟಗೇ ಇಳಿಬಿದ್ದಿತ್ತು. ಹಾಗೇ ಇಟ್ಟುಕೊಂಡಿದ್ದರೆ ಸಾಕಿತ್ತು. ಅವನು ನಿಧಾನವಾಗಿ ಅದನ್ನು ಮಡಚಿ, ಬೆರಳುಗಳಿಂದ ತನ್ನ ಭುಜ ಮುಟ್ಟಿದನು.

"ಕೈ ಸರಿಯಾಗಿದೆ ಸ್ವಾಮಿ. ಗಟ್ಟಿಮೇಳ ಅಂದ ತಕ್ಷಣ ನನಗೆ ಲಾರಿ ಬಂದು ಗುದ್ದುತ್ತೆ."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಅವನನ್ನು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಪರೀಕ್ಷೆಗೆ ಕಳಿಸಿದರು. ವೈದ್ಯರು, ಅಪಘಾತ ಕಂಡ ಕೆಲವರಿಗೆ ಹೀಗಾಗುತ್ತದೆ, ಇದು ಪುಕ್ಕಲುತನವಲ್ಲ, ಮನಸ್ಸಿಗೆ ಬಿದ್ದ ಪೆಟ್ಟು, ಚಿಕಿತ್ಸೆ ಇದೆ ಎಂದು ಬರೆದುಕೊಟ್ಟರು. ಮುಂದೆ ಪರಿಹಾರವೂ ಬಂತು. ದಲ್ಲಾಳಿ ಆಸೆ ತೋರಿಸಿದಷ್ಟಲ್ಲ. ಆದರೆ ಆ ಪೆಟ್ಟಿನ ಚಿಕಿತ್ಸೆಯ ಖರ್ಚೂ ಅದರಲ್ಲಿ ಸೇರಿತ್ತು.

ಸಾಕ್ಷಿ ಹೇಳಿದ ದಿನವೇ ಕೋರ್ಟಿನ ಹೊರಗೆ ಪಿಳ್ಳಪ್ಪ ಅವನನ್ನು ತಡೆದು ನಿಲ್ಲಿಸಿದ್ದನು. ಪಿಳ್ಳಪ್ಪನ ಕಣ್ಣು ಕೆಂಪಾಗಿತ್ತು.

"ಅಲ್ವೋ, ಆ ಸದ್ದು ಮಾಡ್ತಿದ್ದವನು ನಾನು. ನಿನ್ನ ಪಕ್ಕದಲ್ಲೇ ಕೂತು ನಿನ್ನ ಮೇಲೆ ಲಾರಿ ಹತ್ತಿಸ್ತಾ ಇದ್ದೆನಲ್ಲೋ! ಒಂದು ಮಾತು ಹೇಳಬಾರದಿತ್ತಾ?"

"ನಗ್ತೀಯ ಅಂದ್ಕೊಂಡೆ ಪಿಳ್ಳಣ್ಣ."

"ನಗ್ತಿದ್ದೆ ಕಣೋ. ಒಂದು ಗಳಿಗೆ ನಗ್ತಿದ್ದೆ. ಆಮೇಲೆ ಏನಾದ್ರೂ ದಾರಿ ಹುಡುಕ್ತಿದ್ದೆ."

ಚಿಕಿತ್ಸೆ ಬಹಳ ಕಾಲ ನಡೆಯಿತು. ಮಾತ್ರೆಗಳಿದ್ದವು, ಮಾತುಕತೆಯೂ ಇತ್ತು. ಪಿಳ್ಳಪ್ಪ ತನ್ನದೂ ಒಂದು ಉಪಾಯವನ್ನು ಸೇರಿಸಿದನು. ರಾಮಾಂಜಿ ಮತ್ತೆ ಮದುವೆಗೆ ಬಂದ ದಿನ ಪಿಳ್ಳಪ್ಪ ಪುರೋಹಿತರ ಕೈಯನ್ನೇ ನೋಡುತ್ತಾ ಕೂತನು. ಅವರು ಕೂಗಲು ಕೈಯೆತ್ತುವ ಮೊದಲೇ ತನ್ನ ಮೊಣಕಾಲನ್ನು ರಾಮಾಂಜಿಯ ಮೊಣಕಾಲಿಗೆ ಒತ್ತಿದನು. ಈಗ ಸದ್ದು ಬರುತ್ತದೆ, ಅದು ನನ್ನದೇ ಸದ್ದು ಎಂದು ಅದರ ಅರ್ಥ. ಡೋಲು ಸಿಡಿಯಿತು. ರಾಮಾಂಜಿ ಬೆವರಿದನು, ಕಣ್ಣು ಮುಚ್ಚಿದನು, ಆದರೆ ಊದಿದನು. ಹೆಣ್ಣಿನ ಕೊರಳಿಗೆ ತಾಳಿ ಬಿತ್ತು. ಅಕ್ಷತೆ ಎರಚಿದ ಜನಕ್ಕೆ ಏನೂ ಗೊತ್ತಾಗಲಿಲ್ಲ.

ಕಾರು ಹತ್ತುವಾಗ ರಾಮಾಂಜಿ ಈಗಲೂ ಹಿಂದಿನ ಸೀಟಿನಲ್ಲೇ ಕೂರುತ್ತಾನೆ. ಪಿಳ್ಳಪ್ಪ ಡೋಲನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂರುತ್ತಾನೆ.

ನೀತಿ: ಮುರಿದ ಮೂಳೆಯಂತೆ ಬೆದರಿದ ಮನಸ್ಸೂ ಒಂದು ಗಾಯವೇ. ಅದಕ್ಕೆ ಪರಿಹಾರ ಕೇಳುವುದು ನಾಚಿಕೆಯಲ್ಲ. ಆದರೆ ಇಲ್ಲದ ಗಾಯ ತೋರಿಸಿ ಕೇಳಬಾರದು, ಇರುವ ಗಾಯವನ್ನು ಹೇಳಿ ಕೇಳಬೇಕು. ಹೇಳಿದರೆ ಮಾತ್ರ ಪಕ್ಕದಲ್ಲಿರುವವರಿಗೆ ನೆರವಾಗಲು ದಾರಿ ಸಿಗುತ್ತದೆ.