ಮದುವೆ ಕುದುರೆಯ ಮರ್ಯಾದೆ

ಮೊಟ್ಟೆ ಇಡುವ ಹೊತ್ತು ಹತ್ತಿರ ಬಂದಿದ್ದ ಸಗಣಿ ಹುಳವೊಂದು ಛತ್ರದ ಅಂಗಳದಲ್ಲಿ ಮದುವೆ ಕುದುರೆಯ ಹಿಂದೆ ಮೂರು ದಿನದಿಂದ ಕಾದು ಕೂತಿತ್ತು. ಹುಟ್ಟುವ ಮಕ್ಕಳಿಗೆ ಮನೆಯೂ ಊಟವೂ ಒಂದುಂಡೆ ಲದ್ದಿಯೇ. ಆದರೆ ಕುದುರೆಯಿಂದ ಏನೂ ಬೀಳಲೊಲ್ಲದು.

ಕೊನೆಗೆ ಹುಳ ಸಂಕೋಚ ಬಿಟ್ಟು ಮುಂದಕ್ಕೆ ಬಂದು, "ಅಕ್ಕಾ, ಏನಾಗಿದೆ ನಿಮಗೆ?" ಎಂದು ಕೇಳಿತು.

"ಯಾರದೋ ಕಣ್ಣು ಬಿದ್ದಿದೆ," ಎಂದಿತು ಕುದುರೆ.

"ಊಟಕ್ಕೇನು?"

"ಪೂರಿ, ಮೈಸೂರುಪಾಕು. ಹುಲ್ಲು ತಿನ್ನೋಕೆ ನಾನೇನು ಗಾಡಿ ಕುದುರೆಯಾ?"

"ನೀರು?"

"ಬಕೆಟ್ಟಿಗೆ ಬಗ್ಗಿದರೆ ಹಣೆಯ ಕುಚ್ಚು ನೆನೆಯುತ್ತೆ."

"ಓಡಾಟ?"

"ಗೇಟಿನಿಂದ ಛತ್ರದ ಬಾಗಿಲವರೆಗೆ. ಅದೂ ಬ್ಯಾಂಡಿನವರು ಹೆಜ್ಜೆಗೊಮ್ಮೆ ನಿಲ್ಲಿಸುತ್ತಾರೆ."

"ಬರೋ ಹಾಗೆ ಅನ್ನಿಸೋದೇ ಇಲ್ಲವಾ?"

ಕುದುರೆ ತಲೆ ತಗ್ಗಿಸಿತು. "ಅನ್ನಿಸುತ್ತೆ. ಆದರೆ ಬೆನ್ನ ಮೇಲೆ ಮದುಮಗ, ಎದುರಿಗೆ ಕ್ಯಾಮೆರಾ. ತಡೆದುಕೊಳ್ಳುತ್ತೇನೆ. ಮರ್ಯಾದೆ ಬೇಡವಾ?"

"ನಾನು ಹತ್ತೂರು ಸುತ್ತಿದವಳು ಅಕ್ಕಾ. ಅರಮನೆ ಆನೆಯ ಹಿಂದೆಯೂ ಇದ್ದು ಬಂದಿದ್ದೇನೆ. ಬರೋ ಹಾಗೆ ಅನ್ನಿಸಿದರೆ ಅದು ಯಾವ ದೊರೆಯ ಮುಖವನ್ನೂ ನೋಡುತ್ತಿರಲಿಲ್ಲ."

ಅಂದು ಕುದುರೆ ಕುಚ್ಚು ನೆನೆದರೆ ನೆನೆಯಲಿ ಎಂದು ಎರಡು ಬಕೆಟ್ ನೀರು ಕುಡಿಯಿತು. ಮರುದಿನ ಬೆಳಿಗ್ಗೆ ಛತ್ರದ ಬಾಗಿಲಲ್ಲಿ ಸರಿಯಾಗಿ ಆರತಿಯ ಹೊತ್ತಿಗೆ ಅದಕ್ಕೆ ಅನ್ನಿಸಿತು. ಹಿಂದಿರುಗಿ ನೋಡಿದರೆ, ಹುಳ ಮುಂಗಾಲು ಜೋಡಿಸಿ ಬೇಡಿಕೊಳ್ಳುತ್ತಿತ್ತು. ಕುದುರೆ ಕಣ್ಣು ಮುಚ್ಚಿ ಬಾಲ ಎತ್ತಿತು.

ವಾಲಗ ನಿಂತಿತು. ಬೀಗರು ರೇಷ್ಮೆ ಸೀರೆ ಎತ್ತಿಕೊಂಡು ಚದುರಿದರು. ಮದುಮಗ ಜಾರಿ ಇಳಿದು ಒಳಗೆ ಓಡಿದ.

"ಮರ್ಯಾದೆಯೆಲ್ಲಾ ಹೋಯಿತಲ್ಲೇ!" ಎಂದು ಕುದುರೆ ಗೋಳಾಡಿತು.

ಆಗಲೇ ಉಂಡೆ ಕಟ್ಟಿ ಉರುಳಿಸುತ್ತಿದ್ದ ಹುಳ ಕೇಳಿತು, "ಅದಿರಲಿ, ಹೊಟ್ಟೆ ಹೇಗಿದೆ?"

ಕುದುರೆ ಆಚೆ ಈಚೆ ನೋಡಿ ಮೆಲ್ಲಗೆ ಹೇಳಿತು, "ಹಸಿವಾಗ್ತಿದೆ ಕಣೇ. ಇಲ್ಲೆಲ್ಲಾದರೂ ಹುಲ್ಲು ಸಿಗುತ್ತಾ?"